ಅಮೆರಿಕ ಎಷ್ಟು ಗಂಟೆ ದೂರ?

ನಮ್ಮ ಸಿಂಗಾನಲ್ಲೂರಿಗೆ ಪೀಳಮೇಡಿನ ವಿಮಾನ ನಿಲ್ದಾಣ ಹತ್ತಿರ. (ಡಾ. ರಾಜ್‌ಕುಮಾರ್ ಅವರ ಹೆಸರಿನಲ್ಲಿರುವ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು, ನಮ್ಮದು ಕೊಯಮತ್ತೂರಿನದು.) ಅಲ್ಲಿಂದ ಸಿಂಗಪುರಕ್ಕೆ ನಾಲ್ಕು ಗಂಟೆಯ ಹಾದಿ. ಅಷ್ಟು ಹೊತ್ತು ಯಾರೂ ಕೂರಬಲ್ಲರು. ಆದರೆ ಈಗ ಮಕ್ಕಳು ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಕಡೆ. ಮಗಳ ಬಾಣಂತನಕ್ಕೆಂದು ಅರವತ್ತು ದಾಟಿದ ತಾಯಂದಿರು ಒಬ್ಬರೇ ಹೊರಡುತ್ತಾರೆ. ಹೊರಡುವ ಮೊದಲು ಈ ಲೆಕ್ಕವನ್ನು ಮನೆಯವರೆಲ್ಲ ಕೂತು ಮಾಡಬೇಕು.

ಬೆಂಗಳೂರಿನಿಂದ ಎಲ್ಲೂ ಇಳಿಯದ ವಿಮಾನ ಮಧ್ಯಾಹ್ನ ಎರಡಕ್ಕೆ ಬಿಟ್ಟಿತು ಎಂದುಕೊಳ್ಳಿ. ಹದಿನಾರು ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ ಆರು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಆದ್ದರಿಂದ ಟಿಕೆಟ್ಟಿನಲ್ಲಿ ಅದೇ ದಿನ ಸಂಜೆ ನಾಲ್ಕೂವರೆ ಎಂದಿರುತ್ತದೆ. ನೋಡಿದವರಿಗೆ ಎರಡೂವರೆ ಗಂಟೆಯ ಪ್ರಯಾಣ! ಮಾರ್ಚಿಯಿಂದ ನವೆಂಬರ್ ಆರಂಭದವರೆಗೆ ಈ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಬರುವಾಗ ಇದೇ ಲೆಕ್ಕ ತಿರುಗುಮುರುಗು. ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಹಾರಿದ್ದು ಸುಮಾರು ಹದಿನೇಳು ಗಂಟೆ. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಹೆಣ್ಣುಮಕ್ಕಳೇ.

ಆ ವಿಮಾನ ಬಂದದ್ದು ಉತ್ತರ ಧ್ರುವದ ಮೇಲಿನಿಂದ. ಗೋಡೆಯ ಭೂಪಟ ನೋಡಿದವರಿಗೆ ಇದು ಸುತ್ತು ದಾರಿ ಎನಿಸುತ್ತದೆ. ಮಕ್ಕಳ ಗ್ಲೋಬ್ ತಂದು ಎರಡೂ ಊರಿಗೆ ದಾರ ಹಿಡಿಯಿರಿ; ದಾರ ತಾನೇ ಧ್ರುವದ ಕಡೆಗೆ ಜಾರುತ್ತದೆ. ಬೆಂಗಳೂರು 13ನೆಯ ಅಕ್ಷಾಂಶದಲ್ಲಿದೆ. ಅಲ್ಲಿಂದ ಧ್ರುವಕ್ಕೆ 77 ಡಿಗ್ರಿ. ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 52 ಡಿಗ್ರಿ. ಡಿಗ್ರಿಗೆ 111 ಕಿಲೋಮೀಟರಿನಂತೆ ಕೂಡಿ ಗುಣಿಸಿದರೆ 14,300 ಕಿಲೋಮೀಟರ್. ಅತ್ಯಂತ ಹತ್ತಿರದ ದಾರಿ ಸುಮಾರು 14,000. ಅಂಗಡಿ ಲೆಕ್ಕಕ್ಕೆ ಇಷ್ಟು ಸಾಕು.

ಆದರೆ ಆಕಾಶದಲ್ಲೂ ಸುಂಕದಕಟ್ಟೆಗಳಿವೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಆಮೇಲೆ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಏರ್ ಇಂಡಿಯಾದ ಕೆಲವು ವಿಮಾನಗಳು ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ಎದುರುಗಾಳಿ ಸಿಕ್ಕರೂ ಹೊತ್ತು ಹೆಚ್ಚುತ್ತದೆ. ಆದ್ದರಿಂದ ನೇರ ವಿಮಾನ ಇದೆಯೇ, ಎಲ್ಲಿ ಇಳಿಯುತ್ತದೆ ಎಂಬುದನ್ನು ಟಿಕೆಟ್ ತೆಗೆಯುವ ದಿನವೇ ವಿಚಾರಿಸಬೇಕು.

ಮುಖ್ಯ ವಿಷಯ ಔಷಧಿಯದು. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಟಿಕೆಟ್ಟಿನ ತಾರೀಖು ನಂಬಿ ಮಾತ್ರೆ ನುಂಗಿದರೆ ಒಂದು ಹೊತ್ತು ತಪ್ಪುತ್ತದೆ, ಇಲ್ಲವೇ ಎರಡು ಬಾರಿ ಆಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಂತೂ ವೈದ್ಯರನ್ನು ಕೇಳಿ, ಎಷ್ಟು ಗಂಟೆಗೊಮ್ಮೆ ಎಂದು ಬರೆಸಿಕೊಳ್ಳಲೇಬೇಕು. ಸಿಂಗಾನಲ್ಲೂರಿನ ಮನೆ ಬಿಟ್ಟು ಮಗಳ ಮನೆ ಸೇರುವವರೆಗೆ ಬೆಂಗಳೂರಿನ ದಾರಿ, ಅಲ್ಲಿಯ ಕಾಯುವಿಕೆ, ಆಚೆಯ ತಪಾಸಣೆಯ ಸಾಲು ಎಲ್ಲ ಸೇರಿ ಒಂದು ಹಗಲು ಒಂದು ರಾತ್ರಿ ಮೀರುತ್ತದೆ. ಔಷಧಿ ಮತ್ತು ಚೀಟಿ ಕೈಚೀಲದಲ್ಲೇ ಇರಲಿ. ನಡುನಡುವೆ ಎದ್ದು ಓಡಾಡಲಿ, ನೀರು ಕುಡಿಯಲಿ.

ಸೂರ್ಯ ಮುಳುಗಿದ ಮೇಲೆ ಊಟ ಮಾಡದ ನಮ್ಮವರಿಗೆ ಇನ್ನೊಂದು ತೊಡಕು. ಚಳಿಗಾಲದಲ್ಲಿ ಧ್ರುವದ ಮೇಲೆ ಸೂರ್ಯನೇ ಕಾಣುವುದಿಲ್ಲ. ಜೈನ ಊಟವನ್ನು ಮುಂಚಿತವಾಗಿ ಹೇಳಿಟ್ಟರೆ ಹಲವು ಕಂಪನಿಗಳು ಕೊಡುತ್ತವೆ, ಆದರೆ ಬಡಿಸುವ ಹೊತ್ತು ಅವರದು. ಹಗಲಿದ್ದಾಗಲೇ ತಿನ್ನಲು ಒಣದ್ರಾಕ್ಷಿ, ಖಾಕ್ರಾ ಕೈಚೀಲದಲ್ಲಿರಲಿ. ಕೈಗಡಿಯಾರವನ್ನು ಮಗಳ ಮನೆ ಸೇರುವವರೆಗೆ ತಿರುಗಿಸದೆ ನಮ್ಮ ಊರಿನ ಹೊತ್ತಿಗೇ ಇಟ್ಟುಕೊಳ್ಳುವುದು ಒಳ್ಳೆಯದು.