ವೇದಿಕೆ ಮೇಲೆ ಓದುಗರು: ಫ್ಯಾನ್ ಪ್ಯಾನೆಲ್ ಅಂದ್ರೆ ಏನು, ಅದನ್ನ ಕೂತು ಕೇಳೋದು ಹೇಗೆ

ಹೋದ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಓದೋದಕ್ಕೆ ಅನುಕೂಲ ಆಗೋ ಹಾಗೆ ಇಲ್ಲಿ ಹಾಕ್ತಾ ಇದ್ದೀನಿ.

ವಿಷಯ ಇಷ್ಟೇ. ಸೈನ್ಸ್ ಫಿಕ್ಷನ್, ಫ್ಯಾಂಟಸಿ ಓದುವವರು ತಾವೇ ಸೇರಿ ನಡೆಸೋ ಕನ್ವೆನ್ಷನ್‌ಗಳಿವೆ. ಅವುಗಳ ಜೀವಾಳ ಅಂದ್ರೆ ಫ್ಯಾನ್ ಪ್ಯಾನೆಲ್. ನಾನು ಪುಣೆಯವನು, ಅಂದ್ರೆ ಈಗ ಹನ್ನೊಂದು ವರ್ಷದಿಂದ ಪುಣೆಯವನು. ನಡುವೆ ಕಂಪನಿ ಕೆಲಸಕ್ಕೆ ಎರಡು ವರ್ಷ ಅಮೆರಿಕದ ಬಾಸ್ಟನ್ ಹತ್ತಿರ ಇದ್ದೆ. ಆ ಎರಡು ವರ್ಷವೂ ಫೆಬ್ರವರಿಯಲ್ಲಿ ಅಲ್ಲಿನ ‘ಬಾಸ್ಕೋನ್’ ಅನ್ನೋ ಕನ್ವೆನ್ಷನ್‌ಗೆ ಹೋಗಿದ್ದೆ. ಅಲ್ಲಿ ನೋಡಿದ್ದನ್ನ ಇಲ್ಲಿ ಹೇಳೋದಕ್ಕೆ ಒಂದು ಕಾರಣ ಇದೆ. ನಮ್ಮಂಥವರು ಊರು ಬಿಟ್ಟು ಬಂದ ಮೇಲೂ ಕನ್ನಡ ಪುಸ್ತಕ ಕೊಳ್ತೀವಿ, ಓದ್ತೀವಿ. ಆದರೆ ಓದಿದ ಮೇಲೆ ಅದರ ಬಗ್ಗೆ ಮಾತಾಡೋಕೆ ಆಫೀಸಲ್ಲಿ ಯಾರೂ ಇರಲ್ಲ, ಅಪಾರ್ಟ್‌ಮೆಂಟಲ್ಲೂ ಇರಲ್ಲ. ಮಾತಾಡೋರಿಲ್ಲದ ಓದು ನಿಧಾನಕ್ಕೆ ಕಡಿಮೆ ಆಗುತ್ತೆ, ಒಂದು ದಿನ ನಿಂತೇ ಹೋಗುತ್ತೆ. ಇದಕ್ಕೆ ಏನು ಮಾಡಬಹುದು ಅನ್ನೋದಕ್ಕೆ ನಾನು ಕಂಡ ಅತ್ಯಂತ ಸುಲಭವಾದ, ಖರ್ಚಿಲ್ಲದ ಉಪಾಯ ಈ ಪ್ಯಾನೆಲ್.

ಕಾಮಿಕ್ ಕಾನ್ ಬೇರೆ, ಇದು ಬೇರೆ

ಕನ್ವೆನ್ಷನ್ ಅಂದ ತಕ್ಷಣ ನಮಗೆ ನೆನಪಾಗೋದು ಕಾಮಿಕ್ ಕಾನ್. 2011ರಲ್ಲಿ ದೆಹಲಿಯ ದಿಲ್ಲಿ ಹಾತ್‌ನಲ್ಲಿ ಶುರುವಾಗಿ, ಆಮೇಲೆ ಹೈದರಾಬಾದು, ಬೆಂಗಳೂರು, ಮುಂಬೈಗೆಲ್ಲ ಬಂತು. ಅದು ಜಾತ್ರೆ ಇದ್ದ ಹಾಗೆ. ಟಿಕೆಟ್ ತಗೋತೀವಿ, ಮಳಿಗೆ ಸುತ್ತತೀವಿ, ಸ್ಪೈಡರ್‌ಮ್ಯಾನ್ ವೇಷದವರ ಜೊತೆ ಫೋಟೋ ತೆಗೆಸ್ಕೋತೀವಿ, ಬರ್ತೀವಿ. ಮಕ್ಕಳಿಗಂತೂ ಹಬ್ಬ. ಅದರಲ್ಲಿ ತಪ್ಪೇನೂ ಇಲ್ಲ.

ಓದುಗರೇ ನಡೆಸೋ ಕನ್ವೆನ್ಷನ್‌ನ ಲೆಕ್ಕಾಚಾರವೇ ಬೇರೆ. ಅಲ್ಲಿ ನೀವು ಕೊಳ್ಳೋದನ್ನ ಟಿಕೆಟ್ ಅನ್ನಲ್ಲ, ಸದಸ್ಯತ್ವ ಅಂತಾರೆ. ಪದ ಮಾತ್ರ ಬದಲಾಗಿದೆ ಅಂದ್ಕೋಬೇಡಿ. ಬಾಸ್ಕೋನ್ ನಡೆಸೋದು ನ್ಯೂ ಇಂಗ್ಲೆಂಡ್ ಸೈನ್ಸ್ ಫಿಕ್ಷನ್ ಅಸೋಸಿಯೇಷನ್ ಅನ್ನೋ ಸಂಘ, 1967ರಿಂದ ಇದೆ. ಲಾಭಕ್ಕಾಗಿ ನಡೆಯೋದಲ್ಲ. ಬ್ಯಾಡ್ಜ್ ಕೊಡುವವರು, ಕುರ್ಚಿ ಜೋಡಿಸುವವರು, ಅಧ್ಯಕ್ಷರು ಎಲ್ಲರೂ ಸಂಬಳ ಇಲ್ಲದ ಸ್ವಯಂಸೇವಕರು.

ಇವರ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿಷಯ ಇದೆ. 1980ರ ದಶಕದಲ್ಲಿ ಬಾಸ್ಕೋನ್‌ಗೆ ಸಾವಿರಗಟ್ಟಲೆ ಜನ ಬರತೊಡಗಿ, ಹೋಟೆಲ್ ತಾಪತ್ರಯವಾಗಿ ಬಾಸ್ಟನ್ ಬಿಟ್ಟು ಸ್ಪ್ರಿಂಗ್‌ಫೀಲ್ಡ್ ಅನ್ನೋ ಊರಿಗೆ ಹೋಗಬೇಕಾಯ್ತು. ಆಗ ಅವರು ‘ಮತ್ತೆ ದೊಡ್ಡದಾಗೋದು ಹೇಗೆ’ ಅಂತ ಯೋಚಿಸಲಿಲ್ಲ. ಪುಸ್ತಕ ಓದುವವರಿಗೆ ಒತ್ತು ಕೊಟ್ಟು, ಬೇಕಂತಲೇ ಸಣ್ಣದು ಮಾಡ್ಕೊಂಡ್ರು. 2003ರಲ್ಲಿ ಬಾಸ್ಟನ್‌ಗೆ ವಾಪಸ್ ಬಂದ್ರು. ಸ್ಕೇಲ್ ಆಗಲೇಬೇಕು ಅಂತ ದಿನಾ ಕೇಳೋ ನಮ್ಮ ಕಿವಿಗೆ ಇದು ವಿಚಿತ್ರವಾಗಿ ಕೇಳಿಸುತ್ತೆ, ಅಲ್ವಾ?

ಓದುಗರ ಪತ್ರಗಳಿಂದ ಹುಟ್ಟಿದ್ದು

ಇದೆಲ್ಲ ಹುಟ್ಟಿದ್ದು ಒಂದು ಸಣ್ಣ ಸಂಪಾದಕೀಯ ಅಭ್ಯಾಸದಿಂದ. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಶುರು ಮಾಡಿದ. ಅದರಲ್ಲಿ ಓದುಗರ ಪತ್ರಗಳ ಜೊತೆ ಅವರ ಪೂರ್ತಿ ವಿಳಾಸವನ್ನೂ ಅಚ್ಚು ಹಾಕ್ತಾ ಇದ್ರು. ನಮ್ಮ ಪತ್ರಿಕೆಗಳ ವಾಚಕರ ವಾಣಿಯಲ್ಲಿ ಹೆಸರು, ಊರು ಇರುತ್ತಲ್ಲ, ಅಲ್ಲಿ ಮನೆ ನಂಬರೂ ಇರ್ತಿತ್ತು. ಓದುಗರು ಸಂಪಾದಕನನ್ನ ಬಿಟ್ಟು ನೇರವಾಗಿ ಒಬ್ಬರಿಗೊಬ್ಬರು ಬರೆಯೋಕೆ ಶುರು ಮಾಡಿದ್ರು. ಆಮೇಲೆ ಕ್ಲಬ್ಬುಗಳಾದವು. ಜನವರಿ 1937ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಇಪ್ಪತ್ತರ ಆಸುಪಾಸು ಜನ ಒಂದು ಕಡೆ ಸೇರಿದ್ರು. ಅವರಲ್ಲಿ ಒಬ್ಬ ಹುಡುಗನ ಹೆಸರು ಆರ್ಥರ್ ಸಿ. ಕ್ಲಾರ್ಕ್.

1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವರ್ಲ್ಡ್‌ಕಾನ್ ನಡೆಯಿತು. ಬಂದವರು ಸುಮಾರು 200 ಜನ. 19 ವರ್ಷದ ಐಸಾಕ್ ಅಸಿಮೋವ್ ಬಂದಿದ್ದ, ಆಗಷ್ಟೇ ಅವನ ಮೊದಲ ಕಥೆ ಅಚ್ಚಾಗಿತ್ತು. 18ರ ರೇ ಬ್ರಾಡ್‌ಬರಿ ಸ್ನೇಹಿತನ ಹತ್ತಿರ ಸಾಲ ಮಾಡಿ ಲಾಸ್ ಏಂಜಲೀಸ್‌ನಿಂದ ಬಸ್ಸಲ್ಲಿ ಬಂದಿದ್ದ. ಅಲ್ಲೇ ಜಗಳವೂ ಆಯ್ತು. ಸಂಘಟಕರು ಎದುರು ಗುಂಪಿನ ಆರು ಜನರನ್ನ ಒಳಗೇ ಬಿಡಲಿಲ್ಲ. ಒಂದೇ ಊರಲ್ಲಿ ಎರಡು ಕನ್ನಡ ಸಂಘ ಕಂಡವರಿಗೆ ಇದನ್ನೇನೂ ವಿವರಿಸಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಲೇಖಕರು ಮತ್ತು ಓದುಗರು ಬೇರೆ ಬೇರೆ ಜಾತಿ ಆಗಿರಲಿಲ್ಲ. ಈ ವರ್ಷ ಕೆಳಗೆ ಕೂತವರು ಇನ್ನೆರಡು ವರ್ಷಕ್ಕೆ ವೇದಿಕೆ ಮೇಲೆ ಇರ್ತಿದ್ರು. ಆ ಗುಣ ಇವತ್ತಿಗೂ ಪ್ಯಾನೆಲ್‌ಗಳಲ್ಲಿ ಉಳಿದಿದೆ.

ಪ್ಯಾನೆಲ್ ಒಳಗೆ ಏನು ನಡೆಯುತ್ತೆ

ಹೋಟೆಲಿನ ಒಂದು ಮೀಟಿಂಗ್ ರೂಮು. ಮುಂದೆ ಉದ್ದ ಮೇಜು, ಮೇಜಿನ ಮೇಲೆ ಹೆಸರು ಬರೆದ ಮಡಚಿದ ರಟ್ಟು, ನಾಲ್ಕೈದು ಕುರ್ಚಿ. ಒಂದು ವಿಷಯ. ಸುಮಾರು ಐವತ್ತು ನಿಮಿಷದಿಂದ ಒಂದು ಗಂಟೆ. ಒಬ್ಬರು ಮಾಡರೇಟರ್. ಕೊನೆಯ ಕಾಲು ಗಂಟೆ ಸಭಿಕರ ಪ್ರಶ್ನೆಗೆ. ಮುಗೀತು. ದೀಪ ಬೆಳಗಿಸೋದಿಲ್ಲ, ಶಾಲು ಹೊದೆಸೋದಿಲ್ಲ, ಪ್ರಾಸ್ತಾವಿಕ ನುಡಿ ಇಲ್ಲ, ವಂದನಾರ್ಪಣೆಯೂ ಇಲ್ಲ. ಇದೇ ಹೊತ್ತಿಗೆ ಪಕ್ಕದ ರೂಮುಗಳಲ್ಲಿ ಇನ್ನೂ ಐದಾರು ಪ್ಯಾನೆಲ್ ನಡೀತಿರುತ್ತೆ.

ಕೂತವರು ಯಾರು? ಲೇಖಕರು, ಸಂಪಾದಕರು, ವಿಜ್ಞಾನಿಗಳು ಇರ್ತಾರೆ. ಅವರ ಪಕ್ಕದಲ್ಲೇ ಬರೀ ಓದುಗರೂ ಇರ್ತಾರೆ. ನಾನು ಕೇಳಿದ ಒಂದು ಪ್ಯಾನೆಲ್‌ನ ವಿಷಯ ಹೀಗಿತ್ತು: ಬೆಳಕಿಗಿಂತ ವೇಗವಾಗಿ ಹೋಗೋ ಹಡಗು ಇಲ್ಲದಿದ್ರೆ ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟೋಕೆ ಆಗುತ್ತಾ? ಕೂತಿದ್ದವರಲ್ಲಿ ಒಬ್ಬರು ಭೌತಶಾಸ್ತ್ರದವರು, ಒಬ್ಬರು ಕಾದಂಬರಿಕಾರ್ತಿ, ಒಬ್ಬರು ಶಾಲೆಯ ಲೈಬ್ರೇರಿಯನ್, ಇನ್ನೊಬ್ಬರು ಬಂದರಿನಲ್ಲಿ ಸರಕು ಸಾಗಣೆ ಕೆಲಸ ಮಾಡಿ ನಿವೃತ್ತರಾದವರು.

ಭೌತಶಾಸ್ತ್ರದವರು ಲೆಕ್ಕ ಹೇಳಿದ್ರು. ಸೂರ್ಯನನ್ನು ಬಿಟ್ರೆ ನಮಗೆ ಹತ್ತಿರದ ನಕ್ಷತ್ರ 4.2 ಜ್ಯೋತಿರ್ವರ್ಷ ದೂರ. ಒಂದು ಆಜ್ಞೆ ಕಳಿಸಿ ಉತ್ತರ ಬರೋಕೆ ಎಂಟು ವರ್ಷದ ಮೇಲಾಗುತ್ತೆ. ಹಾಗಾದ್ರೆ ಸಾಮ್ರಾಜ್ಯ ಅಸಾಧ್ಯ ಅಂದ್ರು. ಆಗ ಬಂದರಿನವರು ಮೈಕ್ ಎಳ್ಕೊಂಡ್ರು. ಹಾಯಿ ಹಡಗಿನ ಕಾಲದಲ್ಲಿ ಲಂಡನ್ನಿನಿಂದ ಕಲ್ಕತ್ತೆಗೆ ಕಾಗದ ಮುಟ್ಟೋಕೆ ತಿಂಗಳುಗಟ್ಟಲೆ ಬೇಕಿತ್ತು, ಆದರೂ ಈಸ್ಟ್ ಇಂಡಿಯಾ ಕಂಪನಿ ನಡೀತಲ್ಲ? ಮೇಲಿನವರ ಉತ್ತರ ಬರೋಷ್ಟರಲ್ಲಿ ಇಲ್ಲಿದ್ದವನು ಯುದ್ಧ ಶುರು ಮಾಡಿ ಮುಗಿಸೂ ಇರ್ತಿದ್ದ. ಅಂದ್ರೆ ಸಾಮ್ರಾಜ್ಯ ಇರುತ್ತೆ, ಆದರೆ ಅಧಿಕಾರ ತುದಿಯಲ್ಲಿ ಇರುತ್ತೆ, ಕೇಂದ್ರದಲ್ಲಿ ಅಲ್ಲ, ಅಂತ ಅವರ ವಾದ.

ನಾನು ಎಂಟೆಕ್‌ನಲ್ಲಿ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಓದಿದವನು. ಲೇಟೆನ್ಸಿ ಜಾಸ್ತಿ ಇದ್ರೆ ನಿರ್ಧಾರವನ್ನ ಲೋಕಲ್ ಆಗಿ ತಗೋಬೇಕು ಅನ್ನೋದನ್ನ ಒಂದು ಸೆಮಿಸ್ಟರ್ ಪೂರ್ತಿ ಕಲಿತಿದ್ದೆ. ಅದನ್ನೇ ಹಡಗಿನ ಸರಕು ಎಣಿಸಿದ ಮನುಷ್ಯ ಮೂರು ನಿಮಿಷದಲ್ಲಿ ಹೇಳಿಬಿಟ್ಟ. ಅವರನ್ನ ಅಲ್ಲಿ ಕೂರಿಸಿದ್ದು ಅವರ ಹುದ್ದೆ ಅಲ್ಲ. ನಲವತ್ತು ವರ್ಷ ಈ ಕಥೆಗಳನ್ನ ಓದಿದ್ದಾರೆ, ಜೊತೆಗೆ ಬದುಕಿನಿಂದ ತಂದ ಒಂದು ತಿಳಿವಳಿಕೆ ಇದೆ. ಒಳ್ಳೆ ಪ್ಯಾನೆಲ್ ಅಂದ್ರೆ ಈ ಎರಡೂ ಒಂದೇ ಮೇಜಿನ ಮೇಲೆ ಸಿಗೋದು.

ಇದೆಲ್ಲ ತನ್ನಷ್ಟಕ್ಕೆ ತಾನೇ ಆಗಲ್ಲ. ಆಗೋ ಹಾಗೆ ಮಾಡೋದು ಮಾಡರೇಟರ್. ನಮ್ಮ ಕಡೆ ನಿರೂಪಕರ ಕೆಲಸ ಹೊಗಳೋದು. ಇಲ್ಲಿ ಮಾಡರೇಟರ್ ಕೆಲಸ ತಡೆಯೋದು. ಒಬ್ಬರೇ ಎಳೀತಿದ್ರೆ ನಯವಾಗಿ ಕತ್ತರಿಸಬೇಕು, ಸುಮ್ಮನೆ ಕೂತವರನ್ನ ಮಾತಿಗೆಳೀಬೇಕು, ವಿಷಯ ಜಾರಿದ್ರೆ ವಾಪಸ್ ತರಬೇಕು. ಒಂದು ವಾರ ಮೊದಲೇ ಎಲ್ಲರಿಗೂ ಮೇಲ್ ಹಾಕಿ ನಾಲ್ಕೈದು ಪ್ರಶ್ನೆ ಕಳಿಸಿರ್ತಾರೆ. ಮಾಡರೇಟರ್ ತಯಾರಾಗಿ ಬಂದಿಲ್ಲ ಅಂದ್ರೆ ಎಷ್ಟು ದೊಡ್ಡ ಹೆಸರು ಕೂತಿದ್ರೂ ಪ್ಯಾನೆಲ್ ಮಲಗುತ್ತೆ.

ಹೋದವರು ಏನು ಮಾಡಬೇಕು

ಆನ್‌ಸೈಟ್ ಹೋದಾಗ ಹತ್ತಿರದ ಊರಲ್ಲಿ ಇಂಥದ್ದು ನಡೀತಾ ಇದ್ರೆ ಖಂಡಿತ ಹೋಗಿ. ಕೆಲವು ಸಲಹೆ.

ಒಂದು, ದೊಡ್ಡ ಹೆಸರಿನ ಹಿಂದೆ ಓಡಬೇಡಿ, ವಿಷಯದ ಹಿಂದೆ ಹೋಗಿ. ‘ಫ್ಯಾಂಟಸಿಯ ಭವಿಷ್ಯ’ ಅನ್ನೋ ಅಗಲವಾದ ವಿಷಯಕ್ಕಿಂತ ‘ಫ್ಯಾಂಟಸಿ ಕಥೆಗಳಲ್ಲಿ ಕುದುರೆಗೆ ಮೇವು ಹಾಕೋರು ಯಾರು’ ಅನ್ನೋ ಇಕ್ಕಟ್ಟಾದ ವಿಷಯದಲ್ಲಿ ಹೆಚ್ಚು ರಸ ಇರುತ್ತೆ.

ಎರಡು, ಪ್ರಶ್ನೆ ಕೇಳೋದಾದ್ರೆ ಪ್ರಶ್ನೆಯನ್ನೇ ಕೇಳಿ. ‘ನನ್ನದು ಪ್ರಶ್ನೆ ಅಲ್ಲ, ಒಂದು ಅಭಿಪ್ರಾಯ’ ಅಂತ ಎದ್ದವರನ್ನ ಕಂಡ್ರೆ ಅಲ್ಲೂ ಇಡೀ ಸಭೆ ಉಸಿರು ಬಿಡುತ್ತೆ. ಒಂದು ವಾಕ್ಯ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಕೂತ್ಕೊಳ್ಳಿ.

ಮೂರು, ಮೈಕ್ ಕೊಟ್ರೆ ಬಳಸಿ. ‘ನನ್ನ ದನಿ ಜೋರಿದೆ, ಬೇಡ’ ಅನ್ನಬೇಡಿ. ಕಿವಿ ಮಂದ ಇರೋರು ಹಿಂದೆ ಕೂತಿರ್ತಾರೆ.

ನಾಲ್ಕು, ಪ್ಯಾನೆಲ್ ಮುಗಿದ ಮೇಲೆ ತಕ್ಷಣ ಓಡಬೇಡಿ. ಅರ್ಧ ಮಾತು ಕಾರಿಡಾರಿನಲ್ಲಿ ನಡೆಯುತ್ತೆ. ‘ಕಾನ್ ಸೂಟ್’ ಅಂತ ಒಂದು ಕೋಣೆ ಇರುತ್ತೆ, ಸದಸ್ಯರಿಗೆಲ್ಲ ಕಾಫಿ ತಿಂಡಿ ಪುಕ್ಕಟೆ. ಹೊಸಬರಿಗೆ ಪರಿಚಯ ಆಗೋ ಜಾಗ ಅದೇ. ಒಬ್ಬ ಲೇಖಕರ ಜೊತೆ ಹತ್ತು ಹನ್ನೆರಡು ಜನ ಮಾತ್ರ ಕೂತು ಹರಟೋ ‘ಕಾಫಿಕ್ಲಾಚ್’ ಕೂಡ ಇರುತ್ತೆ, ಅದಕ್ಕೆ ಮೊದಲೇ ಹೆಸರು ಬರೆಸಬೇಕು.

ಐದು, ಇದು ಹಳೇ ಫ್ಯಾನ್‌ಗಳ ಸೂತ್ರ: ದಿನಕ್ಕೆ ಕನಿಷ್ಠ ಐದು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ. ಮೂರನೆಯದನ್ನ ಯಾಕೆ ಸೇರಿಸಿದ್ರು ಅನ್ನೋದು ಭಾನುವಾರ ಮಧ್ಯಾಹ್ನ ಲಿಫ್ಟಿನಲ್ಲಿ ಅರ್ಥವಾಗುತ್ತೆ.

ಒಂದು ಗಂಟೆ ಮಾತಿನಿಂದ ಏನಾಗುತ್ತೆ?

‘ಹರಟೆ ಅಷ್ಟೇ ತಾನೆ’ ಅಂತ ನನ್ನ ರೂಮ್‌ಮೇಟ್ ಕೇಳಿದ್ದ. ಒಂದು ಉದಾಹರಣೆ ಸಾಕು. 1976ರಲ್ಲಿ ಕಾನ್ಸಾಸ್ ಸಿಟಿಯ ವರ್ಲ್ಡ್‌ಕಾನ್‌ನಲ್ಲಿ ಸೂಸನ್ ವುಡ್ ಅನ್ನೋವರು ಹೆಣ್ಣುಮಕ್ಕಳು ಮತ್ತು ಸೈನ್ಸ್ ಫಿಕ್ಷನ್ ಬಗ್ಗೆ ಒಂದು ಪ್ಯಾನೆಲ್ ಏರ್ಪಡಿಸಿದ್ರು. ಅಲ್ಲಿಗೆ ಬಂದ ಹೆಂಗಸರು ಪ್ಯಾನೆಲ್ ಮುಗಿದ ಮೇಲೂ ಮಾತು ನಿಲ್ಲಿಸಲಿಲ್ಲ. ತಮ್ಮದೇ ಬರಹಗಳ ಸುತ್ತೋಲೆ ಮಾಡ್ಕೊಂಡ್ರು. ಮರುವರ್ಷ, 1977ರಲ್ಲಿ, ಮ್ಯಾಡಿಸನ್‌ನಲ್ಲಿ ‘ವಿಸ್‌ಕಾನ್’ ಅನ್ನೋ ಸ್ತ್ರೀವಾದಿ ಕನ್ವೆನ್ಷನ್ ಶುರುವಾಯ್ತು. 1991ರಲ್ಲಿ ಅದೇ ವಿಸ್‌ಕಾನ್‌ನಲ್ಲಿ ಲೇಖಕಿ ಪ್ಯಾಟ್ ಮರ್ಫಿ ಒಂದು ಹೊಸ ಸಾಹಿತ್ಯ ಪ್ರಶಸ್ತಿ ಘೋಷಿಸಿದ್ರು. ಅದಕ್ಕೆ ಹಣ ಎಲ್ಲಿಂದ? ಕೇಕು, ಬಿಸ್ಕತ್ತು ಸುಟ್ಟು ಮಾರಿ ಕೂಡಿಸಿದ್ರು. ಮಾತಾಡೋಕೆ ಒಂದು ರೂಮು ಸಿಕ್ಕಿದ್ದರಿಂದ ಇಷ್ಟು ದೂರ ಬಂತು.

ಪುಣೆಯಲ್ಲಿ ಇದಕ್ಕೆ ನೆಲ ಹದವಾಗೇ ಇದೆ

ಪುಣೆಯ ವಿಷಯಕ್ಕೆ ಬರೋಣ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ಬೇರೆ ಹೆಸರಲ್ಲಿ ಕಥೆ ಕಳಿಸಿದ್ರು. ತಮ್ಮ ಹೆಸರು ನೋಡಿ ಬಹುಮಾನ ಕೊಡಬಾರದು ಅಂತ. ಬಹುಮಾನ ಬಂತು. ಹುದ್ದೆ ಹೊರಗಿಟ್ಟು ಕಥೆ ಮಾತ್ರ ಒಳಗೆ ತರೋ ಈ ಬುದ್ಧಿಯೇ ಫ್ಯಾನ್ ಪ್ಯಾನೆಲ್‌ನ ಬುದ್ಧಿ ಕೂಡ. ನಮ್ಮಲ್ಲೂ ಸರಕು ಕಮ್ಮಿ ಇಲ್ಲ. ರಾಜಶೇಖರ ಭೂಸನೂರಮಠರ ಕಥೆಗಳಿವೆ, ಮನು ಅವರ ‘ಮಹಾಸಂಪರ್ಕ’ ಇದೆ, ಸಿನಿಮಾದಲ್ಲಿ 2024ರ ‘ಬ್ಲಿಂಕ್’ ಇದೆ.

ಹಾಗಾಗಿ ನಾವು ಕೆಲವರು ಸೇರಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಎರಡು ಪ್ಯಾನೆಲ್ ಮಾಡಿದ್ವಿ. ನಿಯಮ ಇಷ್ಟು: ಮುಖ್ಯ ಅತಿಥಿ ಇಲ್ಲ, ನಾಲ್ಕು ಕುರ್ಚಿ, ಐವತ್ತು ನಿಮಿಷ, ವಿಷಯಕ್ಕೆ ಸಂಬಂಧಿಸಿದ್ದನ್ನ ಓದಿರಬೇಕು ಇಲ್ಲ ನೋಡಿರಬೇಕು, ಕೊನೆಗೆ ಅರ್ಧ ಗಂಟೆ ಚಹಾ, ಯಾರೂ ಭಾಷಣ ಮಾಡಬಾರದು. ಇಪ್ಪತ್ತೈದು ಜನ ಬಂದಿದ್ರು. ಮೊದಲ ಪ್ಯಾನೆಲ್ ‘ಬ್ಲಿಂಕ್’ನಲ್ಲಿ ಕಾಲಪ್ರಯಾಣದ ನಿಯಮ ಸರಿಯಾಗಿ ಕೂಡುತ್ತಾ ಅನ್ನೋದರ ಬಗ್ಗೆ. ವೈಟ್‌ಬೋರ್ಡ್ ತರಿಸಬೇಕಾಯ್ತು, ಅಷ್ಟು ಜಗಳ.

ಎರಡನೆಯದರಲ್ಲಿ ಗದಗದ ಕಡೆಯ ಒಬ್ಬರು ಮೇಡಂ ಮಾತಾಡಿದ್ರು. ಟೆಸ್ಟಿಂಗ್ ಕೆಲಸದಲ್ಲಿರೋರು. ಅಪ್ಪನ ಕಪಾಟಿನಲ್ಲಿದ್ದ ಭೂಸನೂರಮಠರ ಕಥೆಗಳನ್ನ ಹೈಸ್ಕೂಲಿನಲ್ಲೇ ಓದಿದ್ರಂತೆ. ಎಂಟು ನಿಮಿಷ ಒಂದು ಚೀಟಿ ನೋಡದೆ ಹೇಳಿದ್ರು. ಆಮೇಲೆ ಚಹಾ ಹೊತ್ತಲ್ಲಿ ಅಂದದ್ದು ಇದು: ‘ಹದಿನಾಲ್ಕು ವರ್ಷ ಆತ್ರೀ ಪುಣೆಗೆ ಬಂದು. ಈ ಪುಸ್ತಕದ ಹೆಸರ ಯಾರ ಮುಂದೂ ತಗದಿದ್ದಿಲ್ಲ.’ ಅದೇ ಹೊತ್ತಿಗೆ ಮೂರು ಜನ ಆ ಪುಸ್ತಕ ಓದೋಕೆ ಕೊಡ್ತೀರಾ ಅಂತ ಅವರನ್ನ ಸುತ್ತುವರಿದಿದ್ರು.

ನಿಮ್ಮೂರಲ್ಲೂ ಇಂಥವರು ಇದ್ದಾರೆ. ಹೈದರಾಬಾದಿನಲ್ಲಿರಲಿ, ಚೆನ್ನೈನಲ್ಲಿರಲಿ, ಒಂದು ರೂಮು, ನಾಲ್ಕು ಕುರ್ಚಿ, ಒಬ್ಬ ಖಡಕ್ ಮಾಡರೇಟರ್ ಸಿಕ್ರೆ ಶುರು ಮಾಡಬಹುದು. ನಮ್ಮ ಮುಂದಿನ ಪ್ಯಾನೆಲ್‌ಗೆ ವಿಷಯ ‘ಮಹಾಸಂಪರ್ಕ’. ಮಾಡರೇಟರ್ ಗದಗದ ಮೇಡಂ ಅವರೇ. ಪ್ರಶ್ನೆಗಳನ್ನ ಆಗಲೇ ಕಳಿಸಿದ್ದಾರೆ, ಐದು ಅಂದ್ರೆ ಒಂಬತ್ತು ಕಳಿಸಿದ್ದಾರೆ.