ಕೊನೆಯ ಬೆಂಚಿಗೆ ಕಾಣುವ ಅಕ್ಷರ: ವಿನ್ಯಾಸಕಾರರ ಕೆಲಸ ಮತ್ತು ನಮ್ಮ ಪಾಠೋಪಕರಣ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ – ನಾವು ಯಾವ ಊರಿಗೆ ಬೋಧನಾಭ್ಯಾಸಕ್ಕೆ ಹೋದರೂ ಚಾರ್ಟ್ ಮಾಡಿಸಲು ಒಂದು ದಿನ ಡಿಟಿಪಿ ಅಂಗಡಿಗೆ ಹೋಗುತ್ತೇವೆ. ಚಾರ್ಟ್ ಅಂದವಾಗಿಯೇ ಬರುತ್ತದೆ. ಕೊನೆಯ ಬೆಂಚಿನ ಮಕ್ಕಳಿಗೆ ಮಾತ್ರ ಓದಲು ಆಗುವುದಿಲ್ಲ. ಹಾಗೆಂದು ಅವರು ಹೇಳುವುದೂ ಇಲ್ಲ. ಮುಂದಿನವರ ನೋಟ್ಸ್ ನೋಡಿ ಬರೆದುಕೊಳ್ಳುತ್ತಾರೆ.

ಚಿಂತಾಮಣಿಯ ಗ್ರಾಫಿಕ್ ವಿನ್ಯಾಸಕಾರರೊಬ್ಬರು ಚಾರ್ಟಿನ ಕರಡು ನೋಡಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಮೇಷ್ಟ್ರೇ, ಇದನ್ನ ಯಾರು ಓದ್ತಾರೆ, ಎಷ್ಟು ದೂರದಿಂದ?" ನಮ್ಮ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಅಂಕಣವಿಲ್ಲ. ಅವರಿಗೆ ಇದು ನಿತ್ಯದ ಲೆಕ್ಕ. ಮದುವೆಯ ಕಾಲದಲ್ಲಿ ಲಗ್ನಪತ್ರಿಕೆ, ರಾಜ್ಯೋತ್ಸವಕ್ಕೆ ಬ್ಯಾನರು, ಫಲಿತಾಂಶ ಬಂದಾಗ ಶಾಲೆಗಳ ಜಾಹೀರಾತು, ಉಳಿದ ದಿನ ಬಿಲ್ ಪುಸ್ತಕ. ಆಂಧ್ರದ ಗಡಿ ಹತ್ತಿರವಾದ್ದರಿಂದ ತೆಲುಗಿನ ಕೆಲಸವೂ ಬರುತ್ತದೆ. ಕೈಯಲ್ಲಿ ಹಿಡಿದು ಓದುವುದಕ್ಕೂ ರಸ್ತೆಯಾಚೆಯಿಂದ ಓದುವುದಕ್ಕೂ ಅಕ್ಷರ ಒಂದೇ ಆಗಿರಲಾರದು.

ವಿಜ್ಞಾನದವರಾದ ನಮಗೆ ಈ ಲೆಕ್ಕ ಕಷ್ಟವಲ್ಲ. ಕಣ್ಣಿನ ಪರೀಕ್ಷೆಯ ಫಲಕದಲ್ಲಿ 6/6 ಸಾಲಿನ ಅಕ್ಷರವು 6 ಮೀಟರ್ ದೂರದ ಕಣ್ಣಿನಲ್ಲಿ 5 ನಿಮಿಷ ಕೋನ ಉಂಟುಮಾಡುತ್ತದೆ (60 ನಿಮಿಷಕ್ಕೆ 1 ಡಿಗ್ರಿ). ಅದರ ಎತ್ತರ ಸುಮಾರು 8.7 ಮಿ.ಮೀ. ಒಳ್ಳೆಯ ದೃಷ್ಟಿಯವರು ಗುರುತಿಸಬಲ್ಲ ಮಟ್ಟ ಅದು, ಆರಾಮವಾಗಿ ಓದುವ ಅಳತೆಯಲ್ಲ. ತರಗತಿಗೆ ಇದರ ಮೂರು ಪಟ್ಟು, ಎರಡೂವರೆ ಸೆಂ.ಮೀ. ಆದರೂ ಬೇಕೆಂದು ನನ್ನ ಅಂದಾಜು. ಹಾಗೆಂದು "72 ಪಾಯಿಂಟ್ ಹಾಕಿ" ಎಂದರೆ ಸಾಲದು. 72 ಪಾಯಿಂಟ್ ಎಂದರೆ 1 ಇಂಚು ನಿಜ, ಆದರೆ ಅದು ಅಕ್ಷರ ಕೂರುವ ಇಡೀ ಚೌಕಟ್ಟಿನ ಅಳತೆ. ಮೂಲಾಕ್ಷರ ಅದಕ್ಕಿಂತ ಚಿಕ್ಕದಾಗಿಯೇ ಬರುತ್ತದೆ. 'ದ್ಯುತಿಸಂಶ್ಲೇಷಣೆ' ಎಂದು ಬರೆದು ನೋಡಿ: ಮೇಲೆ ಗುಡಿಸು, ಕೆಳಗೆ ಎರಡು ಒತ್ತಕ್ಷರ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಜಾಗ ಸಾಲದಿದ್ದರೆ ಅಕ್ಷರ ಕುಗ್ಗಿಸಬೇಡಿ, ವಾಕ್ಯ ತೆಗೆಯಿರಿ ಎನ್ನುತ್ತಾರೆ ಅವರು. ನಾವು ಮಾಡುವುದು ತಿರುಗಾಮುರುಗ.

ಬಣ್ಣದ್ದು ಇನ್ನೊಂದು ಮಾತು. ಪರದೆಯ ಬಣ್ಣ ಬೆಳಕಿನದು, ಕಾಗದದ್ದು ಶಾಯಿಯದು. ಮೊಬೈಲಿನಲ್ಲಿ ಹೊಳೆದ ಹಸಿರು ಮುದ್ರಣದಲ್ಲಿ ಮಂಕಾಗುತ್ತದೆ. ಕೆಂಪು-ಹಸಿರು ವರ್ಣಾಂಧತೆ ಗಂಡುಮಕ್ಕಳಲ್ಲಿ ಹೆಚ್ಚು ಎಂದು ಅನುವಂಶೀಯತೆಯ ಪಾಠದಲ್ಲಿ ಕಲಿಸುವ ನಾವೇ ಆಮ್ಲ, ಪ್ರತ್ಯಾಮ್ಲಗಳನ್ನು ಆ ಎರಡು ಬಣ್ಣಗಳಿಂದಷ್ಟೇ ಬೇರ್ಪಡಿಸುತ್ತೇವೆ. ಪಕ್ಕದಲ್ಲಿ ಹೆಸರೂ ಇರಲಿ.

ಮುದ್ರಣಕ್ಕೆ ಮುನ್ನ ಕರಡು ತಿದ್ದಲೇಬೇಕು. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷಿನ ಸಂಕೇತಸ್ಥಾನಗಳಲ್ಲಿ ಕೂತಿರುತ್ತವೆ. ನಾವು ಮೊಬೈಲಿನಿಂದ ಕಳಿಸುವುದು ಯುನಿಕೋಡ್. ಪರಿವರ್ತಿಸುವಾಗ ಒತ್ತುಗಳು ಕೆಡಬಹುದು.

ಈ ವೃತ್ತಿಯವರ ಆಸಕ್ತಿ ಗಣಕಯಂತ್ರಕ್ಕೇ ಮುಗಿಯುವುದಿಲ್ಲ. ಪುಸ್ತಕಗಳ ಮುಖಪುಟ ವಿನ್ಯಾಸಕ್ಕೆ ಹೆಸರಾದ ಅಪಾರ ಕವಿಯೂ ಹೌದು. ಚಿಂತಾಮಣಿಯ ಈ ವಿನ್ಯಾಸಕಾರರು ಅಂಗಡಿ ಮುಚ್ಚಿದ ಮೇಲೆ ಕುಂಚ ಹಿಡಿದು ಅಕ್ಷರ ಬರೆಯುತ್ತಾರೆ. ನನ್ನ ಚಾರ್ಟಿನ 'ಪತ್ರಹರಿತ್ತು' ಎಂಬ ಶೀರ್ಷಿಕೆಗೆ ಯಾವ ಫಾಂಟೂ ಒಪ್ಪಿಗೆಯಾಗದೆ, ಒತ್ತುಗಳಿಗೆ ಧಾರಾಳವಾಗಿ ಜಾಗ ಬಿಟ್ಟು, ಕೈಯಲ್ಲೇ ಬರೆದುಕೊಟ್ಟರು.