‘ಬೇಜಾರು’ ಎಂದರೆ ಎಷ್ಟು ಅಂಕ?

ವ್ಯಕ್ತಿ ಅಧ್ಯಯನಕ್ಕೆ ಇಂಗ್ಲಿಷಿನ ಮನಃಸ್ಥಿತಿ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಉದಾಹರಣೆಯಾಗಿ ತೋರಿಸುವುದು ರ‍್ಯಾಡ್ಲಾಫ್ 1977ರಲ್ಲಿ ಪ್ರಕಟಿಸಿದ ಸಿಇಎಸ್-ಡಿ ಮಾಪನಿಯನ್ನು. 20 ಹೇಳಿಕೆಗಳು, ಕಳೆದ ವಾರ ಎಷ್ಟು ಸಲ ಹಾಗನ್ನಿಸಿತು ಎಂಬುದಕ್ಕೆ 0ಯಿಂದ 3 ಅಂಕ.

ಅದರಲ್ಲಿ ‘ಬ್ಲೂಸ್’ ಎಂಬ ಪದವಿದೆ. ‘ನೀಲಿ’ ಎಂದು ಯಾರೂ ಬರೆಯುವುದಿಲ್ಲ, ‘ಬೇಜಾರು’ ಎಂದು ಬರೆದುಬಿಡುತ್ತಾರೆ. ತೊಡಕು ಇಲ್ಲೇ. ಪಾಠ ಹಿಡಿಸದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ಮತ್ತೊಬ್ಬರಿಂದ ಇಂಗ್ಲಿಷಿಗೆ ಮರು ಅನುವಾದ ಮಾಡಿಸಿದರೂ ಇದು ಸಿಕ್ಕಿಬೀಳದು. ಎರಡೂ ಭಾಷೆ ಬಲ್ಲವರು ಮೂಲವನ್ನು ಊಹಿಸಿಬಿಡುತ್ತಾರೆ. ಮೂಲದ ಹೇಳಿಕೆಯಲ್ಲಿರುವುದು ಮನೆಯವರು, ಗೆಳೆಯರು ಸಮಾಧಾನ ಮಾಡಿದರೂ ಹೋಗದ ದುಃಖ. ಹಾಗೆಂದೇ ಬರೆಯಿರಿ.

ಇನ್ನೊಂದು ಹೇಳಿಕೆ ಕನ್ನಡದಲ್ಲಿ ‘ನಾನು ಯಾರಿಗೂ ಕಡಿಮೆಯಿಲ್ಲ’ ಎಂದಾದರೆ ಜಂಬದ ಮಾತು. ‘ಅಪರೂಪ’ ಎಂದು ಗುರುತು ಹಾಕಿದ ಹುಡುಗಿಗೆ 3 ಅಂಕ: ಅದು ಖಿನ್ನತೆಯೋ, ವಿನಯವೋ? ಜಪಾನಿನ ಅಧ್ಯಯನಗಳಲ್ಲೂ ಇಂಥ ಹೇಳಿಕೆಗಳೇ ಕಾಡಿವೆ.

ನಾಲ್ಕೈದು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ‘ನಿನಗೇನು ಅರ್ಥವಾಯಿತು, ನಿನ್ನ ಮಾತಲ್ಲೇ ಹೇಳು’ ಎಂದು ಕೇಳಿ. 16 ಅಂಕದ ಗಡಿ ಅಮೆರಿಕದ ವಯಸ್ಕರದು, ನಮ್ಮ ಎಂಟನೇ ತರಗತಿಗೆ ಹೊರಿಸಬೇಡಿ. ಬದುಕು ಬೇಡವೆಂಬ ಮಾತು ಬಂದರಂತೂ ಅಂಕ ಎಷ್ಟೇ ಇರಲಿ, ಅಂದೇ ಮುಖ್ಯೋಪಾಧ್ಯಾಯರಿಗೆ ತಿಳಿಸಿ.